ಹೊಸ ಸಿಐಡಿ: ನನಗೂ ಬೇಡ, ನಮ್ಮ ಅತ್ತೆಗೂ ಬೇಡ

2024ರ ಡಿಸೆಂಬರ್ 21, ಶನಿವಾರ. ಅವತ್ತು ನಮ್ಮ ಅತ್ತೆ ಏಳೂವರೆಗೇ ಗಂಜಿ ಊಟ ಮುಗಿಸಿದರು. ಬಿ.ಪಿ. ಮಾತ್ರೆ ನುಂಗಿದರು. ದಿನಾ ಊಟ ಆದಕೂಡಲೇ ಹಲ್ಲಿನ ಸೆಟ್ ತೆಗೆದು ನೀರಿಗೆ ಹಾಕುವವರು ಅವತ್ತು ಹಾಕಲಿಲ್ಲ. ಯಾಕೆ ಅಂತ ಕೇಳಿದೆ. "ಎದ್ರಿಗೆ ಪ್ರದ್ಯುಮ್ನ ಸಾಹೇಬ್ರು ಬಂದು ನಿಂತಾಗ ಬೊಚ್ಚು ಬಾಯಲ್ಲಿ ಕೂರುದಾ?" ಅಂದರು.

ಆರು ವರ್ಷದ ಮೇಲೆ ಸಿಐಡಿ ಅನ್ನುವ ಹಿಂದಿ ಕೊಲೆ ಪತ್ತೆ ಧಾರಾವಾಹಿ ಟಿ.ವಿ.ಗೆ ವಾಪಸ್ ಬರುವ ರಾತ್ರಿ ಅದು. ಪ್ರದ್ಯುಮ್ನ ಅಂದರೆ ಅದರ ತನಿಖಾ ತಂಡದ ಮುಖ್ಯಸ್ಥ, ಎಸಿಪಿ. 2018ರ ಅಕ್ಟೋಬರಿನಲ್ಲಿ ನಿಂತು ಹೋದಾಗ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಿರಲಿಲ್ಲ. ಆದರೆ ಶನಿವಾರ, ಭಾನುವಾರದ ಹತ್ತು ಗಂಟೆಗೆ ಅತ್ತೆ ಸುಮ್ನೆ ಹಾಲ್‌ಗೆ ಬಂದು ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಬಹಳ ದಿನ ಹಾಗೇ ನಡೆಯಿತು.

2024 ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಳ್ಳೆಯ ವರ್ಷವೂ ಆಗಿರಲಿಲ್ಲ. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿತ್ತು. ಆಗಸ್ಟ್ 7ರ ನಡುರಾತ್ರಿ ನಮ್ಮ ಕೋಡಿಬಾಗದ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಆ ಮಳೆಗಾಲ ಪೂರ್ತಿ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅಂಥ ವರ್ಷದ ಕೊನೆಗೆ ಸಿಐಡಿ ಬರುತ್ತದೆ ಅಂದಾಗ ನಮಗಾದ ಖುಷಿ ಚಿಕ್ಕದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೈಯಲೇಬೇಕು ಅಂತ ಕಾದು ಕೂತು ನೋಡಿದವಳಲ್ಲ ನಾನು.

ನಾನು ಇಲ್ಲಿಯ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ದಾಟಿತು. ಸಿಐಡಿ ಶುರುವಾಗಿದ್ದು 1998ರ ಜನವರಿ 21ಕ್ಕೆ, ಸೋನಿ ಚಾನೆಲ್‌ನಲ್ಲಿ. ಆಗ ನಾನು ಕುಮಟಾದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ನಮ್ಮ ಮನೆಯಲ್ಲಿ ಕೇಬಲ್ ಇರಲಿಲ್ಲ. ಪಕ್ಕದ ಮನೆಯ ಕಿಟಕಿಯ ಹೊರಗೆ ನಿಂತು ನೋಡಿದ್ದೇ ಜಾಸ್ತಿ. ಧ್ವನಿ ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿ ಮೊದಲ ಒಂದು ವರ್ಷ ಕೊಲೆಗಾರ ಯಾರು ಅಂತ ತಿಳಿಯುತ್ತಿತ್ತೇ ಹೊರತು ಯಾಕೆ ಕೊಂದ ಅಂತ ತಿಳಿಯುತ್ತಿರಲಿಲ್ಲ. ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ಆ 'ಯಾಕೆ'ಯನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು.

ಅತ್ತೆಯ ಕತೆ ಇನ್ನೂ ಮಜಾ. ಅವರ ತವರು ಅಂಕೋಲೆ. ಹಿಂದಿ ಒಂದಕ್ಷರ ಓದಿದವರಲ್ಲ. ಆದರೆ ಐವತ್ತು ವರ್ಷ ಕಾರವಾರದಲ್ಲಿ ಇದ್ದು, ಮೀನು ಮಾರುವವಳ ಹತ್ತಿರ ಕೊಂಕಣಿಯಲ್ಲಿ ಚೌಕಾಸಿ ಮಾಡಿ, ಪಕ್ಕದ ಮನೆಯ ಮರಾಠಿ ಕೇಳಿಸಿಕೊಂಡು, ಆ ಎರಡರ ಮೇಲೆ ಹಿಂದಿಯನ್ನು ಅವರೇ ಊಹಿಸಿಕೊಂಡಿದ್ದಾರೆ. ಅರ್ಧ ತಪ್ಪು ಊಹಿಸುತ್ತಾರೆ. ಆದರೂ ಕೊಲೆಗಾರನನ್ನು ನನಗಿಂತ ಮೊದಲು ಹಿಡಿಯುತ್ತಾರೆ. "ಅವ ಜಾಸ್ತಿ ಅಳ್ತಾ ಇದ್ದಾನೆ, ಅವನೇ" ಅನ್ನುವುದು ಅವರ ಸೂತ್ರ. ಹತ್ತರಲ್ಲಿ ಆರು ಸಲ ಸರಿ ಇರುತ್ತದೆ.

ಪ್ರದ್ಯುಮ್ನನ ತಂಡದ ದಯಾ ಅಂದರೆ ಅವರಿಗೆ ಸ್ವಂತ ಮಗನಷ್ಟೇ ಪ್ರೀತಿ. ದಯಾ ಪಾತ್ರ ಮಾಡುವ ದಯಾನಂದ್ ಶೆಟ್ಟಿ ಉಡುಪಿ ಹತ್ತಿರದ ಕಟಪಾಡಿ ಮೂಲದವರು ಅಂತ ನನ್ನ ಗಂಡ ಒಂದು ದಿನ ಹೇಳಿದರು. ಅವತ್ತಿನಿಂದ "ನಮ್ಮ ಬದಿಯ ಹುಡುಗ" ಆಗಿಬಿಟ್ಟ. ಕಟಪಾಡಿ ಕಾರವಾರದಿಂದ ನಾಲ್ಕೈದು ತಾಸಿನ ದಾರಿ. ಅತ್ತೆಗೆ ಅದು ಲೆಕ್ಕಕ್ಕಿಲ್ಲ. ಅವನು ಬಾಗಿಲು ಒದೆಯುವಾಗ "ಮೆಲ್ಲ, ಕಾಲು ನೋವಾದೀತು" ಅಂತ ಹೇಳುತ್ತಿದ್ದರು.

ಸಿಐಡಿಯ ಲ್ಯಾಬ್ ಬಗ್ಗೆ ನಾನು ಹೇಳದೇ ಬಿಟ್ಟರೆ ತಪ್ಪಾಗುತ್ತದೆ. ಡಾಕ್ಟರ್ ಸಾಳುಂಖೆಯ ಲ್ಯಾಬ್ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ಎಲ್ಲೆಲ್ಲೂ ಬಣ್ಣದ ನೀರು. ಕೆಂಪು, ನೀಲಿ, ಹಸಿರು, ಒಂದರಿಂದ ಹೊಗೆ. ಒಂದು ಕೂದಲು ಹಾಕಿ ಅಲ್ಲಾಡಿಸಿದರೆ ಬಣ್ಣ ಬದಲಾಗುತ್ತದೆ, ಕೊಲೆಗಾರ ಸಿಗುತ್ತಾನೆ. ನಮ್ಮಲ್ಲಿ ಬರೀ ರಕ್ತದ ಗುಂಪು ನೋಡಲಿಕ್ಕೂ ಗಾಜಿನ ಪಟ್ಟಿಯ ಮೇಲೆ ಮೂರು ಹನಿ ರಕ್ತ ಇಟ್ಟು, ಮೂರು ಬೇರೆ ಬೇರೆ ದ್ರಾವಣ ಸೇರಿಸಿ, ಎಲ್ಲಿ ಮೊಸರಿನ ಹಾಗೆ ಒಡೆಯುತ್ತದೆ ಅಂತ ಕಣ್ಣಿಟ್ಟು ಕಾಯಬೇಕು. ವಿಷ ಕುಡಿದ ಕೇಸ್‌ಗಳಲ್ಲಿ ಹೊಟ್ಟೆಯ ಭಾಗ, ಯಕೃತ್ತಿನ ತುಂಡು ಎಲ್ಲ ತೆಗೆದು ದಟ್ಟ ಉಪ್ಪುನೀರಿನ ಬಾಟಲಿಗೆ ಹಾಕುತ್ತಾರೆ. ಉಪ್ಪು ಇನ್ನು ಕರಗಲಿಕ್ಕಿಲ್ಲ ಅನ್ನುವಷ್ಟು ದಟ್ಟ. ನಾವು ಮಾವಿನಮಿಡಿಗೆ ಹಾಕುತ್ತೇವಲ್ಲ, ಹಾಗೆ. ಆಮೇಲೆ ಬಾಟಲಿಗೆ ಅರಗು ಹಾಕಿ ಮುದ್ರೆ ಒತ್ತಿ, ಪೊಲೀಸ್ ಪೇದೆಯ ಕೈಯಲ್ಲಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬರುವಾಗ ಆ ಪೇದೆಗೆ ಬೇರೆ ಠಾಣೆಗೆ ವರ್ಗ ಆಗಿರುತ್ತದೆ.

ಅಷ್ಟಾದರೂ ಸಾಳುಂಖೆ ಸುಳ್ಳು ಅಂತ ನನಗೆ ಅನ್ನಿಸಲೇ ಇಲ್ಲ. ಯಾಕೆ ಅಂತ ಯೋಚನೆ ಮಾಡಿದ್ದೇನೆ. ಆ ಲ್ಯಾಬ್ ಸುಳ್ಳಾದರೂ ಅಲ್ಲಿ ಕೇಳುವ ಪ್ರಶ್ನೆ ಸುಳ್ಳಾಗಿರಲಿಲ್ಲ. ಹೆಣ ನೀರಲ್ಲಿ ಸಿಕ್ಕಿದೆ, ಆದರೆ ಮುಳುಗಿ ಸತ್ತದ್ದಾ ಅಥವಾ ಸತ್ತ ಮೇಲೆ ನೀರಿಗೆ ಎಸೆದದ್ದಾ? ಇದು ಸಮುದ್ರದ ಬದಿಯ ಊರಿನವರಾದ ನಮಗೆ ದಿನನಿತ್ಯದ ಪ್ರಶ್ನೆ. ನೀರಲ್ಲಿ ಡಯಾಟಮ್ ಅಂತ ಕಣ್ಣಿಗೆ ಕಾಣದ ಒಂದು ಪಾಚಿ ಇರುತ್ತದೆ. ಜೀವ ಇರುವಾಗ ಮುಳುಗಿದರೆ ಅದು ಉಸಿರಿನ ಜೊತೆ ಒಳಗೆ ಹೋಗಿ, ರಕ್ತಕ್ಕೆ ಸೇರಿ, ಮೂಳೆಯೊಳಗಿನ ಮಜ್ಜೆಯವರೆಗೂ ತಲುಪುತ್ತದೆ. ಸತ್ತ ಮೇಲೆ ಎಸೆದರೆ ತಲುಪುವುದಿಲ್ಲ, ಯಾಕೆಂದರೆ ರಕ್ತ ತಳ್ಳಲಿಕ್ಕೆ ಹೃದಯ ಬಡಿಯುತ್ತಿರುವುದಿಲ್ಲ. ಇಂಥದ್ದನ್ನು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಹೆಣವನ್ನೂ ಪ್ರಶ್ನೆ ಕೇಳಬಹುದು ಅನ್ನುವ ವಿಷಯ ಮೊದಲು ತಲೆಗೆ ಹೊಕ್ಕಿದ್ದು ಪಕ್ಕದ ಮನೆಯ ಕಿಟಕಿಯಲ್ಲಿ. ನಾನು ಲ್ಯಾಬ್ ಕೋರ್ಸ್ ತೆಗೆದುಕೊಳ್ಳಲಿಕ್ಕೆ ಸಾಳುಂಖೆಯೂ ಒಂದು ಕಾರಣ. ಮನೆಯಲ್ಲಿ ಹೇಳಿದ ಕಾರಣ ಬೇರೆ, ಬಿಡಿ.

ಹಳೆಯ ಸಿಐಡಿಯಲ್ಲಿ ಕೊಲೆಗಾರರು ನಮ್ಮ ನಿಮ್ಮಂಥವರು. ಭಾವಮೈದ, ಅಂಗಡಿಯ ಪಾಲುದಾರ, ಬಾಡಿಗೆ ಬಿಡದ ಮನೆ ಮಾಲೀಕ, ಹೊಟ್ಟೆಕಿಚ್ಚಿನ ಗೆಳತಿ. ಕಾರಣವೂ ಸಣ್ಣದು. ಆಸ್ತಿ, ಅವಮಾನ, ಒಂದು ಹಳೆಯ ಸಾಲ. ಸುಳಿವು ಅದಕ್ಕಿಂತ ಸಣ್ಣದು. ಒಂದು ಅಂಗಿಯ ಗುಂಡಿ, ಚಪ್ಪಲಿಗೆ ಅಂಟಿದ ಮಣ್ಣು. ಪ್ರದ್ಯುಮ್ನ ಬೆರಳು ತಿರುಗಿಸುತ್ತಾ ಏನೋ ಗಡಬಡ ಇದೆ ಅನ್ನುವ ಹೊತ್ತಿಗೆ ನಮಗೂ ಹಾಗೇ ಅನ್ನಿಸಿರುತ್ತಿತ್ತು. ಕೊನೆಗೆ ದಯಾನ ಕೈಯಲ್ಲಿ ಒಂದು ಕೆನ್ನೆಗೆ, ಆಮೇಲೆ ತಪ್ಪೊಪ್ಪಿಗೆ, ಆಮೇಲೆ ಎಸಿಪಿ ಸಾಹೇಬರು ಗಲ್ಲು ಶಿಕ್ಷೆಯನ್ನೂ ತಾವೇ ಘೋಷಿಸಿಬಿಡುವುದು. ನ್ಯಾಯಾಧೀಶರ ಕೆಲಸವನ್ನೂ ಅಲ್ಲೇ ಮುಗಿಸಿಕೊಡುತ್ತಿದ್ದರು. (ನಮ್ಮ ಜಿಲ್ಲೆಯಲ್ಲಿ ಎಸಿಪಿ, ಅಂದರೆ ಸಹಾಯಕ ಪೊಲೀಸ್ ಕಮಿಷನರ್, ಅನ್ನುವ ಹುದ್ದೆಯೇ ಇಲ್ಲ. ಅದು ಕಮಿಷನರ್ ಇರುವ ದೊಡ್ಡ ನಗರಗಳಲ್ಲಿ ಮಾತ್ರ. ಇಲ್ಲಿ ಡಿವೈಎಸ್‌ಪಿ. ಅತ್ತೆಗೆ ಇದನ್ನು ಹೇಳಿದಾಗ ಕಾರವಾರಕ್ಕೆ ಅನ್ಯಾಯ ಆಗಿದೆ ಅಂತ ಬೇಜಾರು ಮಾಡಿಕೊಂಡರು.)

ಸಿಐಡಿ ತಂಡದವರ ಮನೆ ಕತೆ ನಮಗೆ ಗೊತ್ತೇ ಇರಲಿಲ್ಲ ಅಂತಲ್ಲ. ಅಭಿಜಿತ್‌ಗೆ ಹಳೆಯ ನೆನಪು ಅಳಿಸಿ ಹೋಗಿದೆ ಅನ್ನುವ ಎಳೆ ಮೊದಲಿಂದ ಇತ್ತು. ಫ್ರೆಡ್ಡಿಗೆ ಹೆಂಡತಿ ಅಂದರೂ ಭಯ, ದೆವ್ವ ಅಂದರೂ ಭಯ. ಸಾಳುಂಖೆಗೂ ಎಸಿಪಿಗೂ ಲ್ಯಾಬ್‌ನಲ್ಲಿ ಕಿಚಾಯಿಸುವುದು ಇದ್ದೇ ಇತ್ತು. ಆದರೆ ಅದೆಲ್ಲ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ತಟ್ಟೆಯಲ್ಲಿ ಅನ್ನ ಅಂತ ಒಂದು ಇರುತ್ತಿತ್ತು. ಯಾರೋ ಸತ್ತಿದ್ದಾರೆ, ಅವರಿಗೆ ನ್ಯಾಯ ಸಿಗಬೇಕು. ಅದು ಅನ್ನ.

ಸಾಹಸ ಮಾಡಿದರೂ ಕತೆ ಬಿಟ್ಟು ಮಾಡುತ್ತಿರಲಿಲ್ಲ. 2004ರ ನವೆಂಬರ್ 7ಕ್ಕೆ ಒಂದು ಕಂತು ಬಂತು. 111 ನಿಮಿಷ, ಪೂರ್ತಿ ಒಂದೇ ಶಾಟ್. ಎಲ್ಲೂ ಕಟ್ ಇಲ್ಲ. ಅದನ್ನು ಮಾಡಿದ್ದು ಧಾರಾವಾಹಿಯನ್ನು ಹುಟ್ಟುಹಾಕಿದ ಬಿ.ಪಿ. ಸಿಂಗ್. ಗಿನ್ನೆಸ್‌ಗೂ ಲಿಮ್ಕಾ ದಾಖಲೆಗೂ ಸೇರಿತು. ಆ ವರ್ಷವೇ ನಾನು ಕೆಲಸಕ್ಕೆ ಸೇರಿದ್ದು. ಕಾಜುಬಾಗದಲ್ಲಿ ನಾವು ನಾಲ್ಕು ಹುಡುಗಿಯರು ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಕೆಳಗಿನ ಮನೆಯವರ ಟಿ.ವಿ. ಮುಂದೆ ಕೂತು ನೋಡಿದೆವು. ಒಂದೇ ಶಾಟ್ ಅಂತ ನಮಗೆ ಗೊತ್ತಾಗಲೇ ಇಲ್ಲ. ಮರುದಿನ ಯಾರೋ ಹೇಳಿದ ಮೇಲೆ ಹೌದಲ್ವಾ ಅಂದುಕೊಂಡೆವು.

ಹೊಸದರಲ್ಲಿ ಕ್ಯಾಮೆರಾ ಒಂದು ಕಡೆ ನಿಲ್ಲುವುದೇ ಇಲ್ಲ. ಎಸಿಪಿ ಕನ್ನಡಕ ಸರಿ ಮಾಡಿಕೊಂಡರೂ ಮೂರು ದಿಕ್ಕಿನಿಂದ ತೋರಿಸಿ ಧಡಾರ್ ಅಂತ ಸದ್ದು. ಪರದೆ ಬೇರೆ ಕತ್ತಲೆ ಕತ್ತಲೆ. ಮೊದಲ ರಾತ್ರಿ ಅತ್ತೆ ಎರಡು ಸಲ ಕೇಳಿದರು, "ಅವ್ರ ಆಫೀಸಲ್ಲಿ ಕರೆಂಟ್ ಇಲ್ವನೇ?" ಅಂತ. ಹಳೆಯ ಸಿಐಡಿಯಲ್ಲಿ ಹೆಣ ಬಿದ್ದ ಕೋಣೆಯೂ ಮದುವೆ ಮಂಟಪದಷ್ಟು ಬೆಳಕಾಗಿರುತ್ತಿತ್ತು. ನಮಗೂ ಸುಳಿವು ಹುಡುಕಬಹುದಾಗಿತ್ತು.

ಆದರೂ ಕತ್ತಲೆ, ಸದ್ದು ಎಲ್ಲ ಸಹಿಸಬಹುದು. ಕಾಲಕ್ಕೆ ತಕ್ಕಂತೆ ಬದಲಾಗಲಿ, ನಾನೂ ಮೊದಲಿನ ಹಾಗೆ ಎರಡು ಜಡೆ ಹಾಕುತ್ತಿಲ್ಲ. ನನ್ನ ತಕರಾರು ಬೇರೆ. ಹೊಸ ಸಿಐಡಿಯಲ್ಲಿ ಸಿಐಡಿಯವರು ಬೇರೆಯವರ ಕೊಲೆ ಹುಡುಕುವುದನ್ನೇ ಕಡಿಮೆ ಮಾಡಿದ್ದಾರೆ. ಅವರದ್ದೇ ಮನೆ ಜಗಳ, ಅವರ ಮೇಲೇ ಸೇಡು, ಅವರಿಗೇ ಬಾಂಬು.

ಪ್ರೋಮೋದಲ್ಲೇ ಅದು ಗೊತ್ತಾಗಬೇಕಿತ್ತು ನಮಗೆ. ದಯಾನ ಮೇಲೆ ಅಭಿಜಿತ್ ಗುಂಡು ಹಾರಿಸುವುದನ್ನು ತೋರಿಸಿ ಕರೆದರು ನಮ್ಮನ್ನು. ಇಪ್ಪತ್ತು ವರ್ಷ ಒಂದೇ ಜೀಪಿನಲ್ಲಿ ಅಲೆದ ಇಬ್ಬರು. ಆದಿತ್ಯ ಶ್ರೀವಾಸ್ತವ, ದಯಾನಂದ್ ಶೆಟ್ಟಿ ಒಟ್ಟಿಗೆ ನಡೆದು ಬಂದರೇ ಸಾಕು, ಕತೆ ಅರ್ಧ ಗೆದ್ದ ಹಾಗೆ. ಅವರನ್ನು ಎದುರಾಬದುರು ನಿಲ್ಲಿಸಿ ಕಂತುಗಟ್ಟಲೆ ಹಲ್ಲು ಕಡಿಸಿದರು. ಅತ್ತೆಗೆ ಅದು ಸರಿ ಬರಲಿಲ್ಲ. "ಅಣ್ಣ ತಮ್ಮಂದ್ರ ಜಗಳ ನೋಡುಕೆ ಟಿ.ವಿ. ಹಾಕ್ಬೇಕಾ? ಆಚೆ ಮನೆಗೆ ಹೋದ್ರೆ ಸಾಕು" ಅಂದರು. ಆಚೆ ಮನೆಯಲ್ಲಿ ತೆಂಗಿನ ಮರದ ವಿಷಯಕ್ಕೆ ಹನ್ನೊಂದು ವರ್ಷದಿಂದ ಕೇಸ್ ನಡೆಯುತ್ತಿದೆ.

ನಡುನಡುವೆ ಮಾಮೂಲಿ ಕೊಲೆ ಕತೆಗಳೂ ಬಂದವು. ಅವು ಚೆನ್ನಾಗಿಯೇ ಇದ್ದವು. ಆಗ ಅತ್ತೆ ಮತ್ತೆ "ಅಳ್ತಾ ಇದ್ದಾನಲ್ಲ, ಅವನೇ" ಶುರು ಮಾಡುತ್ತಿದ್ದರು. ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚಿ ಬರುತ್ತಿದ್ದರು. ಮಗ ಮಾತ್ರ ನೆಟ್‌ಫ್ಲಿಕ್ಸ್‌ನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಿದ್ದ. 2025ರ ಫೆಬ್ರವರಿಯಿಂದ ಅಲ್ಲೂ ಬರಲು ಶುರುವಾಗಿತ್ತು. ಆ ವೇಗದಲ್ಲಿ ದಯಾ ಬಾಗಿಲು ಒದೆಯುವುದು ಕೋಳಿ ಕೆದರಿದ ಹಾಗೆ ಕಾಣುತ್ತದೆ. ಅವನಿಗೆ ಬೈದು ಬಿಟ್ಟೆ.

ಆಮೇಲೆ 2025ರ ಏಪ್ರಿಲ್.

ಬಾರ್ಬೋಸಾ ಅನ್ನುವ ಖಳ. ಪಾತ್ರ ಮಾಡಿದವರು ತಿಗ್ಮಾಂಶು ಧುಲಿಯಾ, ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ಆತ ಇಡುವ ಬಾಂಬಿಗೆ ಎಸಿಪಿ ಪ್ರದ್ಯುಮ್ನ ಸತ್ತರು ಅಂತ ತೋರಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಚಾನೆಲ್‌ನವರು 1998–2025 ಅಂತ ಇಸವಿ ಹಾಕಿ ಶ್ರದ್ಧಾಂಜಲಿಯ ಚಿತ್ರವನ್ನೂ ಹೊರಡಿಸಿದರು. ಥೇಟ್ ನಮ್ಮ ಪೇಪರಿನ ಎರಡನೇ ಪುಟದಲ್ಲಿ ಬರುತ್ತದಲ್ಲ, ಹಾಗೆ.

ಆ ಚಿತ್ರ ವಾಟ್ಸಾಪ್‌ನಲ್ಲಿ ಹರಿದಾಡಿತು. ಬೆಳಿಗ್ಗೆ ಏಳಕ್ಕೆ ಶಿರಸಿಯಿಂದ ನನ್ನ ಅಕ್ಕನ ಫೋನ್. "ಶಿವಾಜಿ ಸಾಟಮ್ ಹೋಗ್ಬಿಟ್ರಂತಲ್ಲೇ!" ಅಂತ. ನಾನು ದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದೇ ನಿಂತೆ. ಅವರಿಗೆ ಆ ತಿಂಗಳು 75 ತುಂಬುವುದಿತ್ತು. ಆ ವಯಸ್ಸಿಗೆ ಏನೂ ಆಗಬಹುದು ಅಲ್ವಾ? ಬ್ಯಾಂಕ್ ನೌಕರಿಯಲ್ಲಿದ್ದು, ನಾಟಕ ಮಾಡುತ್ತಾ, ಆಮೇಲೆ ಪ್ರದ್ಯುಮ್ನನ ಪಾತ್ರಕ್ಕೆ ಬಂದು ಇಷ್ಟು ವರ್ಷ ನಮ್ಮ ಹಾಲ್‌ನಲ್ಲಿ ಕೂತಿದ್ದ ಮನುಷ್ಯ. ಮಗ ಮೊಬೈಲ್ ನೋಡಿ "ಪಾತ್ರ ಸತ್ತಿದ್ದು ಅಮ್ಮಾ, ಮನುಷ್ಯ ಅಲ್ಲ" ಅನ್ನುವಷ್ಟರಲ್ಲಿ ಎರಡು ದೋಸೆ ಕರಟಿ ಹೋಗಿತ್ತು.

ನನಗೆ ಸಿಟ್ಟು ಬಂದಿದ್ದು ಅಲ್ಲಿ. ಯಾಕೆಂದರೆ ಈ ತಂಡದಲ್ಲಿ ನಿಜವಾಗಿಯೂ ಒಬ್ಬರು ಹೋಗಿದ್ದಾರೆ. ಫ್ರೆಡ್ಡಿ. ಆ ಪಾತ್ರ ಮಾಡುತ್ತಿದ್ದ ದಿನೇಶ್ ಫಡ್ನಿಸ್ 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ದಿನ ಅತ್ತೆ ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ. ಬಂಗಡೆ ಹುರಿದದ್ದು ಹಾಗೇ ಇತ್ತು. "ನಗ್ಸೋನೇ ಮೊದ್ಲು ಹೋದ" ಅಂದರು, ಅಷ್ಟೇ. ಒಂದೂವರೆ ವರ್ಷವೂ ಆಗಿರಲಿಲ್ಲ ಅದಕ್ಕೆ. ಅದೇ ಜನರಿಗೆ ಮತ್ತೆ ಅಂಥದೇ ಒಂದು ಚಿತ್ರ ಕಳಿಸಿ ಎದೆ ಧಸಕ್ಕೆನ್ನುವಂತೆ ಮಾಡಿದರೆ ಅದು ಪ್ರಚಾರವಾ, ಚೇಷ್ಟೆಯಾ?

ಶಿರೂರಿನ ವಿಷಯ ಮೊದಲು ಬರೆದೆ. ಗುಡ್ಡ ಜರಿದ ಮೇಲೆ ಗಂಗಾವಳಿ ನದಿಯಿಂದ ಒಂದು ಲಾರಿಯನ್ನು ಮೇಲೆತ್ತಲಿಕ್ಕೆ ಎರಡು ತಿಂಗಳ ಮೇಲಾಯಿತು. ಒಳಗೆ ಸಿಕ್ಕಿದ್ದು ಯಾರದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಡಿಎನ್‌ಎ ಪರೀಕ್ಷೆ ಆಗಬೇಕು, ವರದಿ ಬರಬೇಕು, ಆಮೇಲೆ ಮನೆಯವರ ಕೈಗೆ. ಆ ದಿನಗಳಲ್ಲಿ ನಮ್ಮ ಲ್ಯಾಬ್‌ನಲ್ಲಿ ಯಾರೂ ಸಾಳುಂಖೆಯ ತಮಾಷೆ ಮಾಡಲಿಲ್ಲ. ಸಾವು ಖಚಿತ ಅಂತ ಒಂದು ಕಾಗದದಲ್ಲಿ ಬರೆಯಲಿಕ್ಕೆ ಎಷ್ಟು ಕಾಯಬೇಕು ಅಂತ ಕಂಡವರು ಧಾರಾವಾಹಿಯ ಸುಳ್ಳು ಸಾವಿಗೆ ಜಾಸ್ತಿ ಸಿಟ್ಟಾಗುತ್ತಾರೋ ಏನೋ. ಇರಲಿ.

ಅತ್ತೆಯ ಪ್ರತಿಕ್ರಿಯೆ ನನ್ನ ಹಾಗಿರಲಿಲ್ಲ. ಅವರು ಯಕ್ಷಗಾನ ನೋಡಿ ಬೆಳೆದವರು. ಬಾಂಬು ಸಿಡಿದು ಪರದೆ ಪೂರ್ತಿ ಹೊಗೆಯಾದಾಗ ಒಂದು ನಿಮಿಷ ಸುಮ್ಮನಿದ್ದು, "ಪ್ರದ್ಯುಮ್ನ ಅಲ್ವನೇ? ಶಂಬರಾಸುರ ಹೊತ್ಕೊಂಡು ಹೋಗಿ ಸಮುದ್ರಕ್ಕೆ ಬಿಸಾಡಿದ್ರೂ ಮೀನಿನ ಹೊಟ್ಟೆಯಿಂದ ಬಂದವ. ಬರ್ತಾನೆ ನೋಡು" ಅಂದರು. ಕೃಷ್ಣನ ಮಗನ ಕತೆ ಅದು. ಎಳೆ ಮಗುವನ್ನು ಸಮುದ್ರಕ್ಕೆ ಎಸೆದರೆ ಮೀನು ನುಂಗುತ್ತದೆ, ಆ ಮೀನು ಬೆಸ್ತರ ಬಲೆಗೆ ಬಿದ್ದು ಅದೇ ಅಸುರನ ಅಡುಗೆಮನೆಗೆ ಬರುತ್ತದೆ, ಕೊಯ್ದರೆ ಒಳಗೆ ಮಗು ಜೀವಂತ. ಕಾರವಾರದ ಬೈತಕೋಲ ಬಂದರಿನಲ್ಲಿ ಹೇಳಿಸಿ ಮಾಡಿಸಿದ ಕತೆಯ ಹಾಗಿದೆ. ಹಾಗೆ ಹೇಳಿ ಅತ್ತೆ ಹಲ್ಲಿನ ಸೆಟ್ ತೆಗೆದು ನೀರಿಗೆ ಹಾಕಿ ಮಲಗಿದರು.

ಆದರೆ ಮುಂದಿನ ಶನಿವಾರ ಹತ್ತಕ್ಕೆ ಹಾಲ್‌ಗೆ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಕರೆದರೆ "ನೀವ್ ನೋಡಿ" ಅಂದರು.

ಆ ಜಾಗಕ್ಕೆ ಎಸಿಪಿ ಆಯುಷ್ಮಾನ್ ಅಂತ ಹೊಸಬರು ಬಂದರು. ನಟ ಪಾರ್ಥ್ ಸಮಥಾನ್. ಶಿವಾಜಿ ಸಾಟಮ್‌ಗಿಂತ ನಲವತ್ತು ವರ್ಷ ಚಿಕ್ಕವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಯಾರು ಬಂದಿದ್ದರೂ ಬೈಸಿಕೊಳ್ಳುತ್ತಿದ್ದರು. ನಮ್ಮ ಲ್ಯಾಬ್‌ನಲ್ಲೂ ಹಿರಿಯರೊಬ್ಬರು ನಿವೃತ್ತರಾದ ಮೇಲೆ ಬಂದ ಹುಡುಗನಿಗೆ ಆರು ತಿಂಗಳು ಯಾರೂ ಚಹಾಕ್ಕೆ ಕರೆಯಲಿಲ್ಲ. ಆತ ತಪ್ಪೇನೂ ಮಾಡಿರಲಿಲ್ಲ. ಆಯುಷ್ಮಾನ್‌ನನ್ನು ಸಣ್ಣ ಕೇಸ್‌ಗಳಲ್ಲಿ ಬಿಟ್ಟು, ಒಂದೊಂದೇ ಸುಳಿವು ಹಿಡಿಸಿ, ನಮ್ಮ ನಂಬಿಕೆ ಗಳಿಸಲಿಕ್ಕೆ ಸಮಯ ಕೊಟ್ಟಿದ್ದರೆ ಒಗ್ಗಿಕೊಳ್ಳುತ್ತಿದ್ದೆವು. ಅಭಿಜಿತ್‌ನನ್ನೇ ಎಸಿಪಿ ಮಾಡಿದ್ದರೆ ಇನ್ನೂ ಒಳ್ಳೆಯದಿತ್ತು ಅನ್ನುವುದು ನನ್ನ ಗಂಡನ ವಾದ. ಇಷ್ಟು ವರ್ಷ ದುಡಿದವರಿಗೆ ಬಡ್ತಿ ಇಲ್ಲ, ಹೊರಗಿನವರನ್ನು ತಂದು ಮೇಲೆ ಕೂರಿಸುತ್ತಾರೆ. ಅವರು ಸರ್ಕಾರಿ ನೌಕರ, ಅವರಿಗೆ ಎಲ್ಲ ಕತೆಯಲ್ಲೂ ಬಡ್ತಿಯೇ ಕಾಣುವುದು.

ಅಷ್ಟರಲ್ಲಿ, ಕೆಲವೇ ವಾರ ಕಳೆಯುವಷ್ಟರಲ್ಲಿ, ಪ್ರದ್ಯುಮ್ನ ಸತ್ತಿಲ್ಲ, ಬದುಕಿದ್ದಾರೆ ಅಂತ ವಾಪಸ್ ಕರೆತಂದರು.

ಜನ ಬೈದರು ಅಂತ ಕರೆತಂದರೋ, ಮೊದಲೇ ಹಾಗೆ ಲೆಕ್ಕ ಹಾಕಿದ್ದರೋ, ಯಾವುದಾದರೂ ನನಗೆ ಖುಷಿ ಆಗಲಿಲ್ಲ. ಮೊದಲಿನದ್ದಾದರೆ ಸಾಯಿಸುವಾಗ ಯೋಚನೆ ಮಾಡಿರಲಿಲ್ಲ ಅಂತಾಯಿತು. ಎರಡನೆಯದ್ದಾದರೆ ಆ ಶ್ರದ್ಧಾಂಜಲಿ ಚಿತ್ರ ಹಾಕುವಾಗಲೇ ಸುಳ್ಳು ಅಂತ ಗೊತ್ತಿತ್ತು ಅಂತಾಯಿತು. ಇನ್ನು ಮುಂದೆ ಸಿಐಡಿಯಲ್ಲಿ ಯಾರು ಸತ್ತರೂ ನನಗೆ ಏನೂ ಅನ್ನಿಸುವುದಿಲ್ಲ. ಒಂದು ಕೊಲೆ ಧಾರಾವಾಹಿಗೆ ಇದಕ್ಕಿಂತ ದೊಡ್ಡ ನಷ್ಟ ಏನಿದೆ? ಹೆಣ ಬಿದ್ದರೆ ಅದು ಹೆಣ ಅಂತ ನಂಬಿದರೆ ತಾನೇ ಮುಂದಿನ ಮುಕ್ಕಾಲು ಗಂಟೆ ನಾವು ಕೂರುವುದು?

ಆ ರಾತ್ರಿ ನಾನೇ ಹೋಗಿ ಅತ್ತೆಯನ್ನು ಎಬ್ಬಿಸಿ ಕರೆದುಕೊಂಡು ಬಂದೆ. ನೀವು ಹೇಳಿದ್ದು ಸರಿಯಾಯ್ತು, ಮೀನಿನ ಹೊಟ್ಟೆಯಿಂದ ಬಂದರು ಅಂದೆ. ಬಂದು ಕೂತರು. ಪರದೆಯ ಮೇಲೆ ಅದೇ ಕೋಟು, ಅದೇ ಕಣ್ಣು, ಅದೇ ಬೆರಳು. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಜಾಹೀರಾತು ಬಂದಾಗ ನನ್ನ ಕಡೆ ತಿರುಗಿ ಕೇಳಿದರು.

"ಹಾಂಗಾದ್ರೆ ಫ್ರೆಡ್ಡಿನೂ ಬರ್ತಾನಾ ಮಗಾ?"

ಅವರಿಗೆ ಎಪ್ಪತ್ತೆಂಟು. ಮರೆವು ಸ್ವಲ್ಪ ಶುರುವಾಗಿದೆ. ನಿಜವಾಗಿ ಕೇಳಿದರೋ, ಚಾನೆಲ್‌ನವರಿಗೆ ಚುಚ್ಚಿದರೋ ನನಗೆ ಗೊತ್ತಾಗಲಿಲ್ಲ. ಇಲ್ಲ ಅತ್ತೆ ಅಂದೆ. "ಮತ್ತೆ ಇವ್ರು ಹೆಂಗ್ ಬಂದ್ರು?" ಅಂದರು. ಜಾಹೀರಾತು ಮುಗಿಯಿತು. ಕಂತು ಮುಗಿಯುವ ಮೊದಲೇ ಎದ್ದು ಹೋದರು.

ಹೊಸದರಲ್ಲಿ ಒಳ್ಳೆಯದು ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಸಾಳುಂಖೆ ಪಾತ್ರದ ನರೇಂದ್ರ ಗುಪ್ತಾ ಈಗಲೂ ಎಸಿಪಿಗೆ ಒಂದು ಮಾತು ಕುಟುಕಿದರೆ ನಗು ಬರುತ್ತದೆ. ಅಭಿಜಿತ್‌ನ ಕಣ್ಣು ಈಗಲೂ ಮಾತಾಡುತ್ತದೆ. ವಯಸ್ಸಾದದ್ದನ್ನು ಮುಚ್ಚಿಡಲು ಇವರ್ಯಾರೂ ಜಾಸ್ತಿ ಒದ್ದಾಡಿಲ್ಲ, ಅದು ನನಗೆ ಇಷ್ಟವಾಯಿತು. ದಯಾನ ಒದೆತಕ್ಕೆ ಬಾಗಿಲು ಈಗಲೂ ಬೀಳುತ್ತದೆ. ಲ್ಯಾಬ್‌ನ ಬಣ್ಣದ ನೀರು ಮಾತ್ರ ಕಡಿಮೆಯಾಗಿ ಕಂಪ್ಯೂಟರ್ ಪರದೆ ಜಾಸ್ತಿಯಾಗಿದೆ. ನಾನು ಆ ಬಣ್ಣದ ನೀರನ್ನು ಇಷ್ಟು ನೆನೆಸಿಕೊಳ್ಳುತ್ತೇನೆ ಅಂತ ಅಂದುಕೊಂಡಿರಲಿಲ್ಲ.

ಹಳೆಯದನ್ನು ನೋಡದ ಮಕ್ಕಳಿಗೆ ಹೊಸದು ಹಿಡಿಸಬಹುದು. ನನ್ನ ಮಗನಿಗೆ ಬಾರ್ಬೋಸಾ ಇಷ್ಟ. ನಮ್ಮಂಥವರು ನೋಡುವುದಾದರೆ ಒಂದೇ ಕಂತಿನಲ್ಲಿ ಮುಗಿಯುವ ಕೊಲೆ ಕತೆಗಳನ್ನಷ್ಟೇ ಆರಿಸಿ ನೋಡಿ. 'ಮುಂದುವರಿಯುವುದು' ಅಂತ ಬಂದರೆ ಚಾನೆಲ್ ಬದಲಿಸಿ. ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಒಂದು ಅಭಿಜಿತ್‌ಗೆ, ಇನ್ನೊಂದು ನಮ್ಮ ಬದಿಯ ಹುಡುಗನಿಗೆ. ಎರಡನೆಯದನ್ನು ಅತ್ತೆ ಹೇಳಿ ಹಾಕಿಸಿದ್ದು.

ಈಗ ನಮ್ಮ ಮನೆಯಲ್ಲಿ ಯೂಟ್ಯೂಬ್‌ನಲ್ಲಿ ಹಳೆಯ ಕಂತು ಹಾಕುತ್ತೇವೆ. 1500ಕ್ಕೂ ಜಾಸ್ತಿ ಇವೆ, ಅತ್ತೆಯ ಆಯುಷ್ಯಕ್ಕೂ ನನ್ನ ಆಯುಷ್ಯಕ್ಕೂ ಸಾಕು. ನಿನ್ನೆ ರಾತ್ರಿ ಹಾಕಿದ್ದರಲ್ಲಿ ಫ್ರೆಡ್ಡಿ ದೆವ್ವ ಅಂತ ಹೆದರಿ ಕಂಬದ ಹಿಂದೆ ಅಡಗಿದ್ದ. ಹೊರಗೆ ಮಳೆ. ಕರೆಂಟ್ ಎರಡು ಸಲ ಹೋಗಿ ಬಂತು. ಎರಡು ಸಲವೂ ಅತ್ತೆ ಕತ್ತಲೆಯಲ್ಲೇ ಕೂತು ಕಾದರು.